ಯುಎಸ್‌ಎಸ್ ಬೇಫೀಲ್ಡ್: ದಾಳಿ ಸಾಗಣೆ ಹಡಗೊಂದರ ಸೇವಾ ಚರಿತ್ರೆ – ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ನಾರ್ಮಂಡಿ, ಇವೊ ಜಿಮಾ, ಒಕಿನಾವಾ ದಾಳಿಗಳೆಂದರೆ ಹೆಚ್ಚಿನವರಿಗೆ ದೊಡ್ಡ ಫಿರಂಗಿಗಳ ಯುದ್ಧನೌಕೆಗಳು, ವಿಮಾನವಾಹಕಗಳು ನೆನಪಾಗುತ್ತವೆ. ಸೈನಿಕನನ್ನು ದಡ ಮುಟ್ಟಿಸಿದ ಹಡಗಿನ ಹೆಸರು ಕೇಳಿದರೆ ಉತ್ತರ ಬರುವುದು ಕಷ್ಟ. ಆ ಮೂರೂ ಕಡೆ ಇದ್ದ ಹಡಗು ಅಮೆರಿಕದ ಯುಎಸ್‌ಎಸ್ ಬೇಫೀಲ್ಡ್. ಅದರ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕೆಲವು ಉದ್ದ ಇವೆ, ಕೆಲವಕ್ಕೆ ನಾಲ್ಕು ಸಾಲು ಸಾಕಾಯಿತು.

ದಾಳಿ ಸಾಗಣೆ ಹಡಗು ಅಂದರೇನು? ಮಾಮೂಲಿ ಸೈನಿಕ ಸಾಗಣೆ ಹಡಗಿಗಿಂತ ಇದು ಹೇಗೆ ಬೇರೆ?

ಮಾಮೂಲಿ ಸಾಗಣೆ ಹಡಗಿಗೆ ಬಂದರು ಬೇಕು. ಧಕ್ಕೆಗೆ ಬಂದು ನಿಲ್ಲಬೇಕು, ಮೆಟ್ಟಿಲು ಹಾಕಬೇಕು, ಸಾಲಾಗಿ ಇಳಿಸಬೇಕು. ಶತ್ರುವಿನ ಕೈಯಲ್ಲಿರುವ ತೀರದಲ್ಲಿ ಈ ಯಾವ ಸೌಕರ್ಯವೂ ಸಿಗುವುದಿಲ್ಲ. ದಾಳಿ ಸಾಗಣೆ ಹಡಗು ದಡದಿಂದ ಮೈಲಿಗಟ್ಟಲೆ ದೂರದಲ್ಲಿ ಲಂಗರು ಹಾಕಿ, ತನ್ನ ಮೈಮೇಲೆ ಹೊತ್ತು ತಂದ ಚಿಕ್ಕ ದೋಣಿಗಳಲ್ಲಿ ಸೈನಿಕರನ್ನು ತುಂಬಿಸಿ ಕಳಿಸುತ್ತದೆ. ಅದರ ನಿಜವಾದ ಆಯುಧ ಆ ದೋಣಿಗಳೇ.

ಇನ್ನೊಂದು ವ್ಯತ್ಯಾಸ ಹೊರಗಿನಿಂದ ಕಾಣುವುದಿಲ್ಲ: ಸಾಮಾನು ತುಂಬುವ ಕ್ರಮ. ವ್ಯಾಪಾರಿ ಹಡಗಿನಲ್ಲಿ ಜಾಗ ಉಳಿಯುವಂತೆ ತುಂಬುತ್ತಾರೆ. ಇಲ್ಲಿ ದಡದಲ್ಲಿ ಯಾವುದು ಮೊದಲು ಬೇಕೋ ಅದು ಕೊನೆಯಲ್ಲಿ ಒಳಗೆ ಹೋಗಿ ಎಲ್ಲಕ್ಕಿಂತ ಮೇಲೆ ಕೂರಬೇಕು. ಮದ್ದುಗುಂಡು, ನೀರು, ರೇಡಿಯೊ, ಜೀಪು ಮೇಲೆ. ಡೇರೆ, ಅಡುಗೆ ಸಾಮಾನು ತಳದಲ್ಲಿ. ಹೀಗೆ ತುಂಬಿದರೆ ಎಷ್ಟೋ ಜಾಗ ವ್ಯರ್ಥ. ಆ ವ್ಯರ್ಥವನ್ನು ಒಪ್ಪಿಕೊಂಡೇ ತುಂಬುತ್ತಿದ್ದರು.

ಅಮೆರಿಕದ ನೌಕಾಪಡೆ 1943ರ ಫೆಬ್ರುವರಿಯಲ್ಲಿ ಈ ಹಡಗುಗಳನ್ನು ಸಾಮಾನ್ಯ ಸಾಗಣೆ ಹಡಗುಗಳ ಪಟ್ಟಿಯಿಂದ ಬೇರ್ಪಡಿಸಿ 'ಎಪಿಎ' ಎಂಬ ಸಂಕೇತ ಕೊಟ್ಟಿತು. ಬೇಫೀಲ್ಡ್‌ನ ಸಂಖ್ಯೆ ಎಪಿಎ-33.

ಬೇಫೀಲ್ಡ್ ಕಟ್ಟಿದ್ದು ಎಲ್ಲಿ? ಆ ಹೆಸರು ಎಲ್ಲಿಂದ ಬಂತು?

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ವೆಸ್ಟರ್ನ್ ಪೈಪ್ ಅಂಡ್ ಸ್ಟೀಲ್ ಕಂಪನಿಯ ಕಟ್ಟೆಯಲ್ಲಿ. ಕಟ್ಟಲು ಶುರು ಮಾಡಿದಾಗ ಅದು ಸರಕು ಹಡಗು, ಹೆಸರು 'ಸೀ ಬಾಸ್'. 1943ರ ಫೆಬ್ರುವರಿಯಲ್ಲಿ ನೀರಿಗಿಳಿಯಿತು. ನೌಕಾಪಡೆ ಕೈಗೆ ತೆಗೆದುಕೊಂಡು ನ್ಯೂಯಾರ್ಕ್‌ನ ಬ್ರೂಕ್ಲಿನ್‌ಗೆ ಕಳಿಸಿತು. ಅಲ್ಲಿ ಮಂಚಗಳು, ದೋಣಿ ಇಳಿಸುವ ತೋಳುಗಳು, ಫಿರಂಗಿಗಳು ಕೂತು, 1943ರ ನವೆಂಬರ್ 20ರಂದು ಅದು ಪೂರ್ತಿಯಾಗಿ ಸೇವೆಗೆ ಸೇರಿತು. ದಾಳಿ ಸಾಗಣೆ ಹಡಗುಗಳಲ್ಲಿ ಬಹಳಷ್ಟಕ್ಕೆ ಕೌಂಟಿಗಳ, ಅಂದರೆ ಜಿಲ್ಲೆಗಳ, ಹೆಸರಿಡುತ್ತಿದ್ದರು. ಇದಕ್ಕೆ ಸಿಕ್ಕಿದ್ದು ವಿಸ್ಕಾನ್ಸಿನ್ ರಾಜ್ಯದಲ್ಲಿ ಸುಪೀರಿಯರ್ ಸರೋವರದ ದಂಡೆಯ ಬೇಫೀಲ್ಡ್ ಕೌಂಟಿಯ ಹೆಸರು.

ಎಷ್ಟು ದೊಡ್ಡದಿತ್ತು?

ಉದ್ದ 492 ಅಡಿ, ಅಗಲ ಸುಮಾರು 70 ಅಡಿ, ಪೂರ್ತಿ ತುಂಬಿದಾಗ ಸುಮಾರು 16,000 ಟನ್. ವೇಗ 18 ನಾಟ್. ಹಡಗು ನಡೆಸುವವರು ಐನೂರಕ್ಕೂ ಹೆಚ್ಚು ಮಂದಿ, ಅದರ ಮೇಲೆ ಸಾವಿರಕ್ಕೂ ಮೀರಿದ ಸೈನಿಕರು. ಆತ್ಮರಕ್ಷಣೆಗೆ ಎರಡು 5 ಇಂಚಿನ ಫಿರಂಗಿ, ಜೊತೆಗೆ 40 ಮತ್ತು 20 ಮಿಲಿಮೀಟರಿನ ವಿಮಾನ ನಿರೋಧಕ ಗನ್ನುಗಳು. ಶತ್ರು ಯುದ್ಧನೌಕೆಯೊಂದು ಎದುರಾದರೆ ಇವು ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ನೌಕಾಪಡೆಯ ಹಡಗನ್ನು ಕೋಸ್ಟ್ ಗಾರ್ಡ್‌ನವರು ಏಕೆ ನಡೆಸುತ್ತಿದ್ದರು?

1941ರ ನವೆಂಬರಿನಲ್ಲಿ, ಪರ್ಲ್ ಹಾರ್ಬರ್ ದಾಳಿಗೂ ಮೊದಲೇ, ಅಮೆರಿಕದ ಕೋಸ್ಟ್ ಗಾರ್ಡ್ ಪಡೆಯನ್ನು ನೌಕಾಪಡೆಯ ಅಧೀನಕ್ಕೆ ಒಪ್ಪಿಸಲಾಗಿತ್ತು. ತೀರದ ಅಲೆಗಳಲ್ಲಿ ಚಿಕ್ಕ ದೋಣಿ ನಡೆಸುವುದು, ಮುಳುಗುವವರನ್ನು ಎತ್ತುವುದು ಆ ಪಡೆಯ ನಿತ್ಯದ ಕಸುಬು. ಲ್ಯಾಂಡಿಂಗ್ ದೋಣಿ ನಡೆಸಲು ಅಂಥ ಕೈಗಳೇ ಬೇಕಿತ್ತು. ಹಾಗಾಗಿ ಹಲವು ದಾಳಿ ಸಾಗಣೆ ಹಡಗುಗಳನ್ನು ಅವರಿಗೇ ಬಿಟ್ಟುಕೊಟ್ಟರು. ಬೇಫೀಲ್ಡ್‌ನ ಮೊದಲ ಕಪ್ತಾನ ಲಿಂಡನ್ ಸ್ಪೆನ್ಸರ್ ಕೂಡ ಕೋಸ್ಟ್ ಗಾರ್ಡ್ ಅಧಿಕಾರಿ.

ಎಕ್ಸರ್ಸೈಸ್ ಟೈಗರ್ ದುರಂತಕ್ಕೂ ಈ ಹಡಗಿಗೂ ಏನು ಸಂಬಂಧ?

ಬೇಫೀಲ್ಡ್ 1944ರ ಫೆಬ್ರುವರಿಯಲ್ಲಿ ಬ್ರಿಟನ್ ತಲುಪಿತು. ನಾರ್ಮಂಡಿಯಲ್ಲಿ ಯೂಟಾ ಎಂಬ ಗುಪ್ತನಾಮದ ತೀರಕ್ಕೆ ಹೋಗಬೇಕಿದ್ದ ನೌಕಾಗುಂಪು 'ಫೋರ್ಸ್ ಯು'ವಿನ ಮುಖ್ಯಸ್ಥ ರಿಯರ್ ಅಡ್ಮಿರಲ್ ಡಾನ್ ಮೂನ್ ಇದನ್ನೇ ತಮ್ಮ ಧ್ವಜನೌಕೆ ಮಾಡಿಕೊಂಡರು. ಏಪ್ರಿಲ್ ಕೊನೆಗೆ ಇಂಗ್ಲೆಂಡಿನ ಡೆವನ್ ತೀರದ ಸ್ಲ್ಯಾಪ್ಟನ್ ಸ್ಯಾಂಡ್ಸ್‌ನಲ್ಲಿ ದಾಳಿಯ ಪೂರ್ಣ ಪ್ರಮಾಣದ ಅಭ್ಯಾಸ ನಡೆಯಿತು, ಅದರ ಹೆಸರೇ ಎಕ್ಸರ್ಸೈಸ್ ಟೈಗರ್. ಯೂಟಾ ತೀರಕ್ಕೆ ಹೋಲುವ ಜಾಗ ಎಂದೇ ಅದನ್ನು ಆರಿಸಿ, ಅಲ್ಲಿನ ಹಳ್ಳಿಗರನ್ನು ತಿಂಗಳುಗಳ ಹಿಂದೆಯೇ ಖಾಲಿ ಮಾಡಿಸಿದ್ದರು.

ಏಪ್ರಿಲ್ 28ರ ನಡುರಾತ್ರಿ ಸೈನಿಕರನ್ನೂ ಟ್ಯಾಂಕುಗಳನ್ನೂ ಹೊತ್ತು ನೇರ ದಡಕ್ಕೇ ಹೋಗುವ ಎಂಟು ಎಲ್‌ಎಸ್‌ಟಿ ಹಡಗುಗಳ ಸಾಲು ಲೈಮ್ ಕೊಲ್ಲಿ ದಾಟುತ್ತಿತ್ತು. ಕಾವಲಿಗೆ ಎರಡು ಬ್ರಿಟಿಷ್ ಹಡಗುಗಳು ಇರಬೇಕಿತ್ತು. ಒಂದು ಹಿಂದಿನ ಡಿಕ್ಕಿಯ ರಿಪೇರಿಗೆಂದು ಬಂದರಿನಲ್ಲೇ ಉಳಿದಿತ್ತು. ಆ ಸುದ್ದಿ ತಿಳಿಯಬೇಕಾದವರಿಗೆ ಸಕಾಲಕ್ಕೆ ತಲುಪಲಿಲ್ಲ. ಉಳಿದ ಒಂದೇ ಕಾವಲು ಹಡಗಿಗೂ ಎಲ್‌ಎಸ್‌ಟಿಗಳಿಗೂ ರೇಡಿಯೊ ತರಂಗಾಂತರ ಬೇರೆ ಬೇರೆ. ಶೆರ್ಬೂರ್ ಬಂದರಿನಿಂದ ಹೊರಟ ಜರ್ಮನಿಯ ಇ-ಬೋಟುಗಳು, ಅಂದರೆ ಟಾರ್ಪಿಡೊ ಹೊತ್ತ ವೇಗದ ದೋಣಿಗಳು, ಈ ಸಾಲಿನೊಳಗೆ ನುಗ್ಗಿದವು. ಎರಡು ಎಲ್‌ಎಸ್‌ಟಿ ಮುಳುಗಿದವು, ಮೂರನೆಯದು ಜಖಂಗೊಂಡು ಹೇಗೋ ದಡ ಸೇರಿತು. ಸತ್ತವರು 749 ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಏಪ್ರಿಲ್ ತಿಂಗಳ ಕೊರೆಯುವ ನೀರು ಹಲವರನ್ನು ಕೊಂದಿತು. ಜೀವರಕ್ಷಕ ಪಟ್ಟಿಯನ್ನು ಕಂಕುಳಲ್ಲಿ ಕಟ್ಟಿಕೊಳ್ಳಬೇಕು ಎಂದು ಸೈನಿಕರಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಸೊಂಟಕ್ಕೆ ಕಟ್ಟಿಕೊಂಡವರು, ಬೆನ್ನಿನ ಭಾರಕ್ಕೆ ತಲೆಕೆಳಗಾಗಿ ತೇಲಿದರು.

ಬೇಫೀಲ್ಡ್‌ಗೆ ಅಂದು ಪೆಟ್ಟು ಬೀಳಲಿಲ್ಲ. ಆದರೆ ಇಡೀ ಅಭ್ಯಾಸದ ಹೊಣೆ ಆ ಹಡಗಿನಲ್ಲಿದ್ದ ಮೂನ್ ಅವರದು. ಸುದ್ದಿ ಹೊರಬಿದ್ದರೆ ಆಕ್ರಮಣದ ಗುಟ್ಟೇ ರಟ್ಟಾಗುತ್ತದೆಂದು ಬದುಕುಳಿದವರ ಬಾಯಿ ಕಟ್ಟಿದರು. ಈ ದುರಂತದ ಭಾರವನ್ನು ಮೂನ್ ಕೊನೆಯವರೆಗೂ ಹೊತ್ತರು ಎಂದೇ ನನಗೆ ಅನಿಸುತ್ತದೆ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಡಿ-ಡೇ ದಿನ, ಅಂದರೆ ನಾರ್ಮಂಡಿ ದಾಳಿ ಶುರುವಾದ ದಿನ, ಅದು ಏನು ಮಾಡಿತು?

1944ರ ಜೂನ್ 6ರ ನಸುಕಿನ ಎರಡೂವರೆಯ ಹೊತ್ತಿಗೆ ಯೂಟಾ ತೀರದ ಎದುರು, ದಡದಿಂದ ಸುಮಾರು 11 ಮೈಲಿ ಆಚೆ ಲಂಗರು ಹಾಕಿತು. ಒಳಗೆ 4ನೇ ಇನ್‌ಫೆಂಟ್ರಿ ಡಿವಿಷನ್ನಿನ ಸೈನಿಕರು, ಆ ಡಿವಿಷನ್ನಿನ ಮುಖ್ಯಸ್ಥ ರೇಮಂಡ್ ಬಾರ್ಟನ್, ಹಲವು ಡಿವಿಷನ್‌ಗಳು ಸೇರಿದ 7ನೇ ಕೋರ್‌ನ ಮುಖ್ಯಸ್ಥ, ಬಾರ್ಟನ್‌ರ ಮೇಲಧಿಕಾರಿ ಲಾಟನ್ ಕಾಲಿನ್ಸ್. ಹಾಗಾಗಿ ಇದು ಸೈನಿಕರ ಹಡಗೂ ಹೌದು, ಯೂಟಾ ದಾಳಿಯ ಕಚೇರಿಯೂ ಹೌದು.

ಬೆಳಗ್ಗೆ 6.30ಕ್ಕೆ ಮೊದಲ ಸಾಲು ದಡ ಮುಟ್ಟಿತು. ದಾರಿ ತೋರಿಸಬೇಕಿದ್ದ ಗಸ್ತು ದೋಣಿಯೊಂದು ಮೊದಲೇ ಮುಳುಗಿತ್ತು, ನೀರಿನ ಸೆಳೆತ ಜೋರಾಗಿತ್ತು, ಬಾಂಬ್ ದಾಳಿಯ ಹೊಗೆ ದಡವನ್ನೇ ಮರೆಮಾಡಿತ್ತು. ಎಲ್ಲ ಸೇರಿ ದೋಣಿಗಳು ಗೊತ್ತಾದ ಜಾಗದಿಂದ ಸುಮಾರು 1.8 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ನಿಂತವು. ಅಲ್ಲಿ ಜರ್ಮನ್ ಕಾವಲು ತೆಳುವಾಗಿತ್ತು. ತಪ್ಪಿದ ದಾರಿಯೇ ಅನುಕೂಲವಾಯಿತು. ಮೊದಲ ದಿನ 20,000ಕ್ಕೂ ಹೆಚ್ಚು ಮಂದಿ ಯೂಟಾದಲ್ಲಿ ಇಳಿದರು. 4ನೇ ಡಿವಿಷನ್ನಿನ ಸಾವುನೋವು ಇನ್ನೂರರ ಒಳಗೇ ಇತ್ತು.

ಹಡಗುಗಳು ಮಾತ್ರ ಬಚಾವಾಗಲಿಲ್ಲ. ಕಡಲಿನಲ್ಲಿ ಜರ್ಮನರು ಬಿತ್ತಿದ್ದ ಮೈನ್‌ಗಳಿಗೆ, ಅಂದರೆ ನೀರಿನೊಳಗಿನ ಸ್ಫೋಟಕಗಳಿಗೆ, ಸಿಕ್ಕಿ ಹಲವು ಹಾಳಾದವು. ಕಂಗಾಲಾದ ಮೂನ್ ರಾತ್ರಿ ಇಳಿಸುವ ಕೆಲಸ ನಿಲ್ಲಿಸಬೇಕೆಂದರು. ಅದೇ ಹಡಗಿನಲ್ಲಿದ್ದ ಕಾಲಿನ್ಸ್ ಹಟ ಹಿಡಿದು ಕೆಲಸ ಮುಂದುವರಿಸುವಂತೆ ಒಪ್ಪಿಸಿದರು. ಭೂಸೇನೆಯ ಜನರಲ್‌ನನ್ನೂ ನೌಕಾಪಡೆಯ ಅಡ್ಮಿರಲ್‌ನನ್ನೂ ಒಂದೇ ಹಡಗಿನಲ್ಲಿ ಕೂರಿಸಿದ್ದರ ಲಾಭ ಇದು. ಬೇರೆ ಬೇರೆ ಹಡಗಿನಲ್ಲಿದ್ದಿದ್ದರೆ ಈ ಮಾತುಕತೆ ನಡೆಯುವುದೇ ಕಷ್ಟವಿತ್ತು.

ಆಮೇಲೆ ಬೇಫೀಲ್ಡ್ ಜೂನ್ 25ರ ತನಕ ಅಲ್ಲೇ ನಿಂತು ಸಾಮಾನು ಹಂಚುತ್ತಾ, ಗಾಯಾಳುಗಳನ್ನು ಹತ್ತಿಸಿಕೊಳ್ಳುತ್ತಾ ಇತ್ತು.

ಸೈನಿಕರು ಹಡಗಿನಿಂದ ದೋಣಿಗೆ ಇಳಿಯುತ್ತಿದ್ದುದು ಹೇಗೆ?

ಹಗ್ಗದ ಬಲೆ ಹಿಡಿದು. ದಪ್ಪ ಹಗ್ಗದ ದೊಡ್ಡ ಬಲೆಯನ್ನು ಹಡಗಿನ ಪಕ್ಕಕ್ಕೆ ಇಳಿಬಿಡುತ್ತಿದ್ದರು. ಅದರ ಕೆಳತುದಿಯನ್ನು ದೋಣಿಯೊಳಗೆ ಎಳೆದು ಹಿಡಿಯಲು ಇಬ್ಬರು ಮೂವರು. ಸೈನಿಕ ಕೈಯಿಂದ ಉದ್ದದ ಹಗ್ಗಗಳನ್ನು ಹಿಡಿಯಬೇಕು, ಅಡ್ಡ ಹಗ್ಗ ಹಿಡಿದರೆ ಮೇಲಿನವನ ಬೂಟು ಬೆರಳು ತುಳಿಯುತ್ತದೆ. ಹೆಲ್ಮೆಟ್ಟಿನ ಗಲ್ಲದ ಪಟ್ಟಿ ಬಿಚ್ಚಿರಬೇಕು, ಬೆನ್ನಿನ ಚೀಲವನ್ನು ತಕ್ಷಣ ಕಳಚುವಂತೆ ಸಡಿಲಿಸಿರಬೇಕು. ನೀರಿಗೆ ಬಿದ್ದರೆ ಆ ಭಾರವೇ ತಳಕ್ಕೆ ಎಳೆಯುತ್ತಿತ್ತು.

ಎಲ್ಲಕ್ಕಿಂತ ಕಷ್ಟದ್ದು ಕೊನೆಯ ಹೆಜ್ಜೆ. ಅಲೆಗೆ ದೋಣಿ ಮೇಲೆ ಬರುತ್ತದೆ, ಕೆಳಗೆ ಹೋಗುತ್ತದೆ. ಮೇಲೆ ಬಂದ ಗಳಿಗೆಯಲ್ಲೇ ಕೈಬಿಡಬೇಕು. ಒಂದು ಕ್ಷಣ ತಡವಾದರೆ ಹಲವು ಅಡಿ ಕೆಳಗೆ ಬೀಳುವುದು, ಇಲ್ಲವೇ ದೋಣಿಗೂ ಹಡಗಿಗೂ ನಡುವೆ ಕಾಲು ಸಿಕ್ಕಿಕೊಳ್ಳುವುದು.

ದೋಣಿ ಎಂದರೆ ಹೆಚ್ಚಾಗಿ ಎಲ್‌ಸಿವಿಪಿ. ನ್ಯೂ ಆರ್ಲಿಯನ್ಸ್‌ನ ಆಂಡ್ರ್ಯೂ ಹಿಗ್ಗಿನ್ಸ್ ರೂಪಿಸಿದ್ದು: 36 ಅಡಿ ಉದ್ದ, ಮೈಯೆಲ್ಲ ಬಹುತೇಕ ಪ್ಲೈವುಡ್, ಮುಂದಿನ ಬಾಗಿಲು ಉಕ್ಕಿನದು, ಹಿಡಿಸುವುದು 36 ಮಂದಿ. ತುಂಬಿದ ದೋಣಿ ನೇರ ದಡಕ್ಕೆ ಹೋಗುವುದಿಲ್ಲ. ಉಳಿದವು ತುಂಬುವ ತನಕ ಹಡಗಿನ ಬಳಿಯೇ ಸುತ್ತು ಹಾಕುತ್ತಿರುತ್ತದೆ. ವಾಂತಿ, ಡೀಸೆಲ್ ಹೊಗೆ, ಮೈಮೇಲೆ ಎರಚುವ ಉಪ್ಪುನೀರು. ಗುಂಡಿನ ಸದ್ದು ಕೇಳುವ ಮೊದಲೇ ಎಷ್ಟೋ ಜನ ಹಣ್ಣಾಗಿರುತ್ತಿದ್ದರು.

ಬೇಸ್‌ಬಾಲ್ ಆಟಗಾರ ಯೋಗಿ ಬೆರ್ರಾ ಈ ಹಡಗಿನಲ್ಲಿದ್ದರಂತೆ, ನಿಜವೇ?

ನಿಜ. ಆಗ ಅವರಿಗೆ 19 ವರ್ಷ, ನೌಕಾಪಡೆಯ ನಾವಿಕ. ಡಿ-ಡೇ ದಿನ ಬೇಫೀಲ್ಡ್‌ನಿಂದ ಇಳಿಸಿದ 36 ಅಡಿಯ ರಾಕೆಟ್ ದೋಣಿಯಲ್ಲಿ ಆರು ಮಂದಿಯಲ್ಲಿ ಒಬ್ಬರಾಗಿದ್ದರು. ಸೈನಿಕರ ಮೊದಲ ಸಾಲಿಗಿಂತ ಮುಂದೆ ಹೋಗಿ ದಡದ ಮೇಲೆ ರಾಕೆಟ್, ಮಶೀನ್‌ಗನ್ ಹಾರಿಸುವುದು ಅಂಥ ದೋಣಿಯ ಕೆಲಸ. ದಕ್ಷಿಣ ಫ್ರಾನ್ಸ್‌ನ ದಾಳಿಯಲ್ಲೂ ಅವರಿದ್ದರು, ಅಲ್ಲಿ ಗಾಯಗೊಂಡರು. ಆಮೇಲೆ ನ್ಯೂಯಾರ್ಕ್ ಯಾಂಕೀಸ್ ತಂಡದ ಕ್ಯಾಚರ್ ಆಗಿ ಹತ್ತು ವರ್ಲ್ಡ್ ಸೀರೀಸ್ ಗೆದ್ದರು. ಕ್ಯಾಚರ್ ಎಂದರೆ ಹೆಚ್ಚುಕಡಿಮೆ ನಮ್ಮ ವಿಕೆಟ್‌ಕೀಪರ್ ಇದ್ದಂತೆ. 2015ರಲ್ಲಿ ತೀರಿಕೊಂಡರು.

ಅಡ್ಮಿರಲ್ ಮೂನ್‌ಗೆ ಏನಾಯಿತು?

ನಾರ್ಮಂಡಿ ಮುಗಿದದ್ದೇ ತಡ, ವಿಶ್ರಾಂತಿಯಿಲ್ಲದೆ ಅವರಿಗೆ ದಕ್ಷಿಣ ಫ್ರಾನ್ಸ್ ದಾಳಿಯ ಒಂದು ಭಾಗದ ಹೊಣೆ ಬಂತು. ಬೇಫೀಲ್ಡ್ ಇಟಲಿಯ ನೇಪಲ್ಸ್‌ಗೆ ಹೋಯಿತು. ಮೂನ್ ಎಲ್ಲವನ್ನೂ ಸ್ವತಃ ನೋಡಬೇಕೆನ್ನುವ ಸ್ವಭಾವದವರು, ಕೆಳಗಿನವರಿಗೆ ಕೆಲಸ ಹಂಚಿ ನಿದ್ದೆ ಮಾಡುವವರಲ್ಲ. ತಯಾರಿ ಸಾಲದು, ದಾಳಿಯನ್ನು ಮುಂದೂಡಿ ಎಂದು ತಮ್ಮ ಮೇಲಧಿಕಾರಿ ವೈಸ್ ಅಡ್ಮಿರಲ್ ಕೆಂಟ್ ಹೆವಿಟ್ ಅವರನ್ನು ಕೇಳಿಕೊಂಡರು. ಮರುದಿನ, 1944ರ ಆಗಸ್ಟ್ 5ರ ಬೆಳಗ್ಗೆ, ಬೇಫೀಲ್ಡ್‌ನ ತಮ್ಮ ಕ್ಯಾಬಿನ್ನಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. 50 ವರ್ಷ ವಯಸ್ಸು. ಯುದ್ಧದ ಬಳಲಿಕೆಯೇ ಕಾರಣ ಎಂದು ನೌಕಾಪಡೆ ತೀರ್ಮಾನಿಸಿತು.

ಇದನ್ನು ದೌರ್ಬಲ್ಯ ಎಂದು ಬರೆಯುವವರಿದ್ದಾರೆ. ಏಪ್ರಿಲಿನಿಂದ ಆಗಸ್ಟಿನವರೆಗೆ ಆ ಮನುಷ್ಯ ಏನೇನು ಹೊತ್ತಿದ್ದ ಎಂದು ದಿನಾಂಕ ಹಿಡಿದು ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ದಕ್ಷಿಣ ಫ್ರಾನ್ಸ್‌ನಲ್ಲಿ ಯೋಜನೆ ಕೊನೇ ಗಳಿಗೆಯಲ್ಲಿ ಬದಲಾಯಿತಂತೆ?

ಹೌದು, ಅದನ್ನು ಬದಲಾಯಿಸಿದ ಆದೇಶ ಹೊರಟಿದ್ದು ಬೇಫೀಲ್ಡ್‌ನಿಂದಲೇ. ಮೂನ್ ಜಾಗಕ್ಕೆ ರಿಯರ್ ಅಡ್ಮಿರಲ್ ಸ್ಪೆನ್ಸರ್ ಲೂಯಿಸ್ ಬಂದು ಹತ್ತು ದಿನವೂ ಸರಿಯಾಗಿ ಆಗಿರಲಿಲ್ಲ. ಆಗಸ್ಟ್ 15ರಂದು 36ನೇ ಡಿವಿಷನ್ ಸ್ಯಾನ್ ರಫಾಯಲ್ ಸುತ್ತಮುತ್ತ ಇಳಿಯಬೇಕಿತ್ತು. ಬೆಳಗಿನ ಇಳಿತ ಸಲೀಸಾಯಿತು. ಮಧ್ಯಾಹ್ನ ಫ್ರೆಜುಸ್ ಕೊಲ್ಲಿಯ 'ಕ್ಯಾಮೆಲ್ ರೆಡ್' ತೀರದ ಸರದಿ. ಮೈನ್ ತೆಗೆಯುವ ಹಡಗುಗಳಿಗೆ ಜರ್ಮನ್ ಫಿರಂಗಿಗಳು ಹತ್ತಿರ ಸುಳಿಯಲು ಬಿಡಲಿಲ್ಲ. ನೀರಿನಡಿಯ ಅಡೆತಡೆ ಒಡೆಯಲು ಸ್ಫೋಟಕ ತುಂಬಿ ಕಳಿಸಿದ ಮಾನವರಹಿತ ದೋಣಿಗಳಲ್ಲಿ ಕೆಲವು ಹತೋಟಿ ತಪ್ಪಿ ಎತ್ತಲೋ ತಿರುಗಾಡತೊಡಗಿದವು. ವಿಮಾನಗಳು, ಯುದ್ಧನೌಕೆಗಳು ಬಡಿದರೂ ದಡದ ಗುಂಡು ನಿಲ್ಲಲಿಲ್ಲ.

ಡಿವಿಷನ್ನಿನ ಮುಖ್ಯಸ್ಥ ಜಾನ್ ಡಾಲ್‌ಕ್ವಿಸ್ಟ್ ಆಗಲೇ ದಡದಲ್ಲಿದ್ದರು, ರೇಡಿಯೊದಲ್ಲಿ ಸಿಗಲಿಲ್ಲ. ಲೂಯಿಸ್ ತಾವೇ ತೀರ್ಮಾನ ಮಾಡಿ, ಆ ರೆಜಿಮೆಂಟನ್ನು ಆಗಲೇ ವಶವಾಗಿದ್ದ 'ಕ್ಯಾಮೆಲ್ ಗ್ರೀನ್' ತೀರಕ್ಕೆ ತಿರುಗಿಸಿದರು. ಆಮೇಲೆ ಡಾಲ್‌ಕ್ವಿಸ್ಟ್ ಇದನ್ನು ಒಪ್ಪಿದರು, ಅವರ ಮೇಲಿನ ಜನರಲ್ ಟ್ರಸ್ಕಾಟ್ ಮಾತ್ರ ವಿಳಂಬವಾಯಿತೆಂದು ಸಿಟ್ಟಾದರು. ನನ್ನ ಮಟ್ಟಿಗೆ ಬೇಫೀಲ್ಡ್ ಚರಿತ್ರೆಯಲ್ಲಿ ಅತಿ ಒಳ್ಳೆಯ ತೀರ್ಮಾನ ಇದೇ.

ಇವೊ ಜಿಮಾದಲ್ಲಿ?

ಪನಾಮಾ ಕಾಲುವೆ ದಾಟಿ ಶಾಂತಸಾಗರಕ್ಕೆ ಬಂದ ಬೇಫೀಲ್ಡ್, 1945ರ ಫೆಬ್ರುವರಿ 19ರಂದು ಈ ಜಪಾನಿ ದ್ವೀಪದ ದಾಳಿಯಲ್ಲಿ 4ನೇ ಮರೀನ್ ಡಿವಿಷನ್ನಿನ ಕಚೇರಿಯಾಗಿತ್ತು. ಮರೀನ್‌ಗಳೆಂದರೆ ಕಡಲಿನಿಂದ ದಡಕ್ಕಿಳಿದು ಹೋರಾಡುವ ಅಮೆರಿಕದ ಪಡೆ. ಮುಖ್ಯಸ್ಥ ಕ್ಲಿಫ್ಟನ್ ಕೇಟ್ಸ್ ಇಲ್ಲಿಂದಲೇ ಮೊದಲ ದಿನದ ಕಾಳಗ ನಡೆಸಿದರು. ಮೊದಲ ಸಾಲುಗಳನ್ನು ದಡ ಹತ್ತಿಸಿದ್ದು ಚೈನು ಚಕ್ರದ ಉಭಯಚರ ವಾಹನಗಳು. ಹಡಗಿನ ದೋಣಿಗಳ ಸರದಿ ಆಮೇಲೆ. ಆ ತೀರ ಕಪ್ಪು ಬೂದಿಮರಳಿನದು, ಕಡಿದಾದದ್ದು. ಅಲೆ ದಡದ ಬುಡಕ್ಕೇ ಬಂದು ಬಡಿಯುತ್ತದೆ. ಬಾಗಿಲು ತೆರೆದ ದೋಣಿ ಅಡ್ಡ ತಿರುಗಿತೆಂದರೆ ನೀರು ತುಂಬಿ ಅಲ್ಲೇ ಕೂರುತ್ತಿತ್ತು. ಹಿಂದೆ ಬರುವ ದೋಣಿಗೆ ಜಾಗವಿಲ್ಲ. ತಿರುಗಿ ಬಂದ ದೋಣಿಗಳು ಗಾಯಾಳುಗಳನ್ನು ತಂದವು.

ಒಕಿನಾವಾದಲ್ಲಿ ಸೈನಿಕರನ್ನು ಇಳಿಸಲೇ ಇಲ್ಲ ಎನ್ನುತ್ತಾರಲ್ಲ?

ಇಳಿಸಬಾರದು ಎಂಬುದೇ ಯೋಜನೆ. 1945ರ ಏಪ್ರಿಲ್ 1ರಂದು ನಿಜವಾದ ದಾಳಿ ದ್ವೀಪದ ಪಶ್ಚಿಮಕ್ಕೆ ನಡೆಯಿತು. 2ನೇ ಮರೀನ್ ಡಿವಿಷನ್ ಹೊತ್ತ ಗುಂಪು ಆಗ್ನೇಯ ತೀರದ ಎದುರು ದಾಳಿಯ ನಾಟಕ ಆಡಿತು. ಬೇಫೀಲ್ಡ್ ಈ ಗುಂಪಿನಲ್ಲಿತ್ತು. ದೋಣಿಗಳು ತುಂಬಿದವು, ಸಾಲುಗಟ್ಟಿ ದಡದ ಕಡೆ ಧಾವಿಸಿದವು, ಹತ್ತಿರ ಹೋಗಿ ಹೊಗೆಯ ಮರೆಯಲ್ಲಿ ತಿರುಗಿ ಬಂದವು. ಮರುದಿನ ಮತ್ತೊಮ್ಮೆ. ಜಪಾನೀಯರು ತಾವು ದಾಳಿಯನ್ನು ಹಿಮ್ಮೆಟ್ಟಿಸಿದೆವೆಂದು ಹೇಳಿಕೊಂಡರು. ವ್ಯಂಗ್ಯವೆಂದರೆ ಆ ಬೆಳಗ್ಗೆ ಈ ನಾಟಕದ ಗುಂಪಿನ ಮೇಲೇ ಆತ್ಮಾಹುತಿ ವಿಮಾನಗಳು ಬಿದ್ದವು. ಸಾಗಣೆ ಹಡಗು ಹಿನ್ಸ್‌ಡೇಲ್‌ಗೂ ಒಂದು ಎಲ್‌ಎಸ್‌ಟಿಗೂ ಬಡಿದು ಹಲವರು ಸತ್ತರು.

ಮಹಾಯುದ್ಧ ಮುಗಿದ ಮೇಲೆ ನಿವೃತ್ತಿಯಾಯಿತೇ?

ಇಲ್ಲ. ಸೈನಿಕರನ್ನು ಮನೆಗೆ ತಲುಪಿಸುವ ಕೆಲಸ ಮಾಡಿತು, ಆಮೇಲೆ ಕೊರಿಯಾ ಯುದ್ಧಕ್ಕೆ ಹೋಯಿತು. ಅಲ್ಲಿ ಅದರ ನೆನಪಿಡುವ ಕೆಲಸ ಮುಂದೆ ಹೋದದ್ದಲ್ಲ, ಹಿಂದೆ ಬಂದದ್ದು. 1950ರ ಡಿಸೆಂಬರಿನಲ್ಲಿ ಚೀನೀ ಸೇನೆಯ ಒತ್ತಡಕ್ಕೆ ಚೋಸಿನ್ ಜಲಾಶಯದಿಂದ ಹಿಮದಲ್ಲಿ ಕಾದಾಡುತ್ತಾ ಬಂದ 1ನೇ ಮರೀನ್ ಡಿವಿಷನ್ ಹುಂಗ್ನಾಮ್ ಬಂದರಿನಲ್ಲಿ ಹಡಗು ಹತ್ತಿತು. ಮುಖ್ಯಸ್ಥ ಆಲಿವರ್ ಸ್ಮಿತ್ ತಮ್ಮ ಕಚೇರಿಯನ್ನು ಬೇಫೀಲ್ಡ್‌ಗೆ ವರ್ಗಾಯಿಸಿ ಡಿಸೆಂಬರ್ 15ರಂದು ಹೊರಟರು. ಆ ಬಂದರಿನಿಂದ ಒಟ್ಟು ಸುಮಾರು 1,05,000 ಸೈನಿಕರು, 90,000ದಷ್ಟು ಕೊರಿಯಾದ ನಾಗರಿಕರು ಹಡಗುಗಳಲ್ಲಿ ದಕ್ಷಿಣಕ್ಕೆ ಹೋದರು.

1954ರಲ್ಲಿ ವಿಯೆಟ್ನಾಂ ಇಬ್ಭಾಗವಾದಾಗ ಉತ್ತರದ ಹೈಫಾಂಗ್‌ನಿಂದ ಸೈಗಾನ್‌ಗೆ ನಿರಾಶ್ರಿತರನ್ನು ಸಾಗಿಸಿದ ಹಡಗುಗಳಲ್ಲೂ ಇದಿತ್ತು. ಮರೀನ್‌ಗಳು ಮಲಗುತ್ತಿದ್ದ ಕಡೆ ಅಜ್ಜಿ, ಕೂಸು, ಬುಟ್ಟಿ, ಗಂಟುಮೂಟೆ. ದಾಳಿ ಎಂಬ ಹೆಸರು ಹೊತ್ತ ಹಡಗಿನ ಲೆಕ್ಕ ತೆಗೆದರೆ, ಅದು ಜನರನ್ನು ಅಪಾಯದತ್ತ ಒಯ್ದ ದಿನಗಳು ಬೆರಳೆಣಿಕೆ, ಅಪಾಯದಿಂದ ಆಚೆ ತಂದ ದಿನಗಳೇ ಹೆಚ್ಚು.

ವಿಯೆಟ್ನಾಂ ಯುದ್ಧದಲ್ಲೂ ಇತ್ತೇ?

1965ರ ಆಗಸ್ಟ್ 18ರಂದು ವಿಯೆಟ್ನಾಂನ ಚು ಲಾಯ್ ಬಳಿ ಶುರುವಾದ ಆಪರೇಷನ್ ಸ್ಟಾರ್‌ಲೈಟ್‌ಗೆ ಮರೀನ್‌ಗಳನ್ನು ಕಡಲ ದಾರಿಯಲ್ಲಿ ಒಯ್ದ ಮೂರು ಹಡಗುಗಳಲ್ಲಿ ಬೇಫೀಲ್ಡ್ ಒಂದು. ಅದೇ ದಿನ ಮತ್ತೊಂದು ಪಡೆ ಹೆಲಿಕಾಪ್ಟರಿನಲ್ಲಿ ಒಳನಾಡಿಗೆ ಇಳಿಯಿತು. ಹಗ್ಗದ ಬಲೆಯ ಕಾಲ ಮುಗಿಯುತ್ತಾ ಬಂದಿತ್ತು. 1968ರ ಜೂನ್‌ನಲ್ಲಿ ಹಡಗನ್ನು ಸೇವೆಯಿಂದ ಇಳಿಸಿ, ಮರುವರ್ಷ ಗುಜರಿಗೆ ಮಾರಿದರು. ಎರಡನೇ ಮಹಾಯುದ್ಧಕ್ಕೆ ನಾಲ್ಕು, ಕೊರಿಯಾಕ್ಕೆ ನಾಲ್ಕು ಯುದ್ಧತಾರೆಗಳು, ಅಂದರೆ ಕಾಳಗದಲ್ಲಿ ಪಾಲ್ಗೊಂಡದ್ದಕ್ಕೆ ಕೊಡುವ ಗೌರವಗಳು, ಅದಕ್ಕೆ ಸಂದಿದ್ದವು.

ಭಾರತದಲ್ಲಿ ಇಂಥ ಹಡಗು ಇದೆಯೇ?

ಇದೇ ಬಗೆಯದು ಇಲ್ಲ, ಇದರ ಮುಂದಿನ ತಲೆಮಾರಿನದು ಇದೆ. ಐಎನ್‌ಎಸ್ ಜಲಾಶ್ವ ಮೊದಲು ಅಮೆರಿಕದ ಯುಎಸ್‌ಎಸ್ ಟ್ರೆಂಟನ್ ಆಗಿತ್ತು, 2007ರಲ್ಲಿ ನಮ್ಮ ನೌಕಾಪಡೆಗೆ ಸೇರಿತು. ಅದರ ಹಿಂಭಾಗದ ಒಳಗೇ ನೀರು ತುಂಬಿಸಿಕೊಳ್ಳುವ ಕಟ್ಟೆ ಇದೆ. ಬಾಗಿಲು ತೆರೆದರೆ ತುಂಬಿದ ದೋಣಿಗಳು ತೇಲಿಕೊಂಡೇ ಹೊರಬರುತ್ತವೆ, ಬಲೆ ಹಿಡಿದು ಇಳಿಯುವ ಪಾಡಿಲ್ಲ. 2020ರ ಮೇ ತಿಂಗಳಲ್ಲಿ, ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ, ಮಾಲ್ಡೀವ್ಸ್‌ನ ಮಾಲೆಯಿಂದ 698 ಭಾರತೀಯರನ್ನು ಕೊಚ್ಚಿಗೆ ತಂದದ್ದು ಇದೇ ಹಡಗು.

ಅಮೆರಿಕದಲ್ಲಿದ್ದೇನೆ. ಬೇಫೀಲ್ಡ್‌ನಲ್ಲಿದ್ದ ಹಿರಿಯರೊಬ್ಬರ ದಾಖಲೆ ಹುಡುಕುವುದು ಹೇಗೆ?

ಎರಡು ಜಾಗ ಬೇರೆ ಬೇರೆ ಎಂಬುದು ಮೊದಲು ಗೊತ್ತಿರಲಿ. ಹಡಗಿನ ದಿನಚರಿ, ಯುದ್ಧ ವರದಿಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಹಲವನ್ನು ಅದರ ಜಾಲತಾಣದಲ್ಲೇ ಓದಬಹುದು. ವ್ಯಕ್ತಿಯ ಸೇವಾ ಕಡತ ಸೇಂಟ್ ಲೂಯಿಸ್ ನಗರದ ದಾಖಲೆ ಕೇಂದ್ರದಲ್ಲಿರುತ್ತದೆ. 1973ರ ಬೆಂಕಿಯಲ್ಲಿ ಎಲ್ಲ ಸುಟ್ಟುಹೋಯಿತು ಎಂದು ಕೆಲವರು ಕೈಬಿಡುತ್ತಾರೆ. ಸುಟ್ಟದ್ದು ಭೂಸೇನೆ ಮತ್ತು ವಾಯುಸೇನೆಯ ಕಡತಗಳು. ನೌಕಾಪಡೆ, ಮರೀನ್, ಕೋಸ್ಟ್ ಗಾರ್ಡ್ ಕಡತಗಳಲ್ಲ. ಸೇವೆಯಿಂದ ಬಿಡುಗಡೆಯಾಗಿ 62 ವರ್ಷ ಕಳೆದ ಕಡತವನ್ನು ಯಾರು ಬೇಕಾದರೂ ಕೇಳಬಹುದು. ಅರ್ಜಿಯಲ್ಲಿ ಹಡಗಿನ ಹೆಸರಿನ ಜೊತೆಗೆ ಅವರು ಕೋಸ್ಟ್ ಗಾರ್ಡ್‌ನವರೋ ನೌಕಾಪಡೆಯವರೋ ಎಂದು ಬರೆಯಿರಿ. ಬೇಫೀಲ್ಡ್‌ನಲ್ಲಿ ಇಬ್ಬರೂ ಇದ್ದರು.